ಲೋಬೊ ಬ್ಯಾಂಡಿನ ಆರನೆಯವನು

ನಾನೊಂದು ಡ್ರಮ್ಮು. ಮದುವೆ ಮೆರವಣಿಗೆಯಲ್ಲಿ ಹೊಟ್ಟೆಯ ಮೇಲೆ ಹೊತ್ತು ಬಾರಿಸುತ್ತಾರಲ್ಲ, ಆ ದೊಡ್ಡ ಡ್ರಮ್ಮು. ಮೊದಲೇ ಹೇಳಿಬಿಡುತ್ತೇನೆ, ನನ್ನದು ಒಳ್ಳೆಯ ಸ್ವಭಾವವಲ್ಲ. ಕುರ್ಚಿ, ಕೊಡೆ, ಹಳೇ ಸೈಕಲ್ಲು ಇವೆಲ್ಲ ತಮ್ಮ ಕಥೆ ಹೇಳಿಕೊಳ್ಳುವಾಗ ಯಜಮಾನನನ್ನು ನೆನೆದು ಕಣ್ಣೀರಿಡುತ್ತವೆ, ಕೊನೆಗೆ ಎಲ್ಲರನ್ನೂ ಕ್ಷಮಿಸುತ್ತವೆ. ನಾನು ಯಾರನ್ನೂ ಕ್ಷಮಿಸಿಲ್ಲ. ಏಟು ತಿಂದೇ ಬದುಕಿದವನಿಗೆ ಅಷ್ಟಾದರೂ ಸಲಿಗೆ ಇರಬೇಕು.

ನಾನು ಹುಟ್ಟಿದ್ದು ಬೆಂಗಳೂರಿನ ದಂಡಿನಲ್ಲಿ. ಇಂಗ್ಲಿಷರು ಕಂಟೋನ್ಮೆಂಟ್ ಎನ್ನುತ್ತಿದ್ದ ಭಾಗವನ್ನು ಪೇಟೆಯ ಜನ ದಂಡು ಎನ್ನುತ್ತಿದ್ದರು. ಅಲ್ಲಿ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಹುಸೇನ್ ಸಾಬ್ ಎಂಬಾತ ಪಟಾಲಮ್ಮಿನ ಬ್ಯಾಂಡಿಗೆ ವಾದ್ಯ ಮಾಡಿಕೊಡುತ್ತಿದ್ದ. ತೆಳು ಹಲಗೆಯನ್ನು ನೆನೆಸಿ, ಕಾಯಿಸಿ, ಬಗ್ಗಿಸಿ ದುಂಡಗೆ ಕೂಡಿಸಿದ. ಎರಡೂ ಕಡೆ ಕರುವಿನ ಚರ್ಮ ಎಳೆದು, ನನ್ನ ಎದೆಗೆ ಮೊಣಕಾಲು ಕೊಟ್ಟು ಹಗ್ಗ ಬಿಗಿದ. ನನಗೆ ಮೊದಲು ಗೊತ್ತಾದದ್ದೇ ನೋವು. ಆಮೇಲೆ ಬೆರಳಲ್ಲಿ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, 'ಬೋಲ್ತಾ ಹೈ' ಎಂದ. ಹೌದು, ಮಾತಾಡುತ್ತೇನೆ. ಅವತ್ತಿನಿಂದಲೂ ನನ್ನ ಮಾತು ಜೋರು.

ಆರು ವರ್ಷ ಪಟಾಲಮ್ಮಿನ ಮುಂದೆ ನಡೆದೆ. ಯುದ್ಧ ಬಂತು, ಪಟಾಲಮ್ಮು ಹಡಗು ಹತ್ತಿತು, ನನ್ನನ್ನು ಹರಾಜಿಗೆ ಬಿಟ್ಟು ಹೋಯಿತು. ತಿರುಗಿ ಕೂಡ ನೋಡಲಿಲ್ಲ. ಆಗ ಬಳೇಪೇಟೆಯ ಕೆಂಚಪ್ಪ ನನ್ನನ್ನು ಹೆಗಲಿಗೇರಿಸಿಕೊಂಡು ತಂದ. ಅವನದು ಮದುವೆ ಮನೆಗಳಲ್ಲಿ ತಲೆತಲಾಂತರದಿಂದ ಡೋಲು ಬಾರಿಸಿದ ಮನೆತನ. ಜನ ಈಗ ಬ್ಯಾಂಡ್ ಸೆಟ್ ಕೇಳುತ್ತಿದ್ದಾರೆಂದು ಅವನೂ ಒಂದು ಸೆಟ್ ಕಟ್ಟಿದ್ದ. ದೊಡ್ಡ ಮಗ ಬೀರಣ್ಣ ತುತ್ತೂರಿ ಊದುತ್ತಿದ್ದ. ಚಿಕ್ಕವನು ಪಾಪಣ್ಣ ನನ್ನನ್ನು ಹೊರುತ್ತಿದ್ದ.

ಕೆಂಚಪ್ಪ ಮಗನಿಗೆ ಕಲಿಸಿದ್ದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರಾದರೂ ಸೀನಿದರೆ, ಅತ್ತರೆ, ಕೆಟ್ಟ ಮಾತಾಡಿದರೆ ಅದು ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೇ ಪುರೋಹಿತರು ಬೆರಳೆತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಎಂದ ಕೂಡಲೇ ಇದ್ದಬದ್ದ ವಾದ್ಯವೆಲ್ಲ ಒಟ್ಟಿಗೆ ಮೊರೆಯಬೇಕು. ಕೆಂಚಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ.

'ಅವ್ರು ಬೆಳ್ಳೆತ್ತೋಗಂಟ ಕಾಯ್ಬ್ಯಾಡ ಕಣ್ಲಾ. ಒಳ್ಳೆ ಮಾತು ನಡೀವಾಗ ಸೀನು ಬಿತ್ತು ಅಂದ್ರೆ ಹೊಡ್ದುಬುಡು. ಯಾಕೆ ಏನು ಅಂತ ಆಮ್ಯಾಕೆ ಕೇಳ್ಕೊ,' ಎನ್ನುತ್ತಿದ್ದ.

ಆ ಏಟಿಗೆ ಒಂದು ಜಾಗವೂ ಇತ್ತು. ಮೆರವಣಿಗೆಯ ಏಟು ಬೀಳುವುದು ಚರ್ಮದ ನಟ್ಟನಡುವೆ. ಗಟ್ಟಿಮೇಳದ್ದು ಅಂಚಿನಿಂದ ನಾಲ್ಕು ಬೆರಳು ಒಳಗೆ. ಸದ್ದು ಅಲ್ಲಿ ಬೇಗ ಏಳುತ್ತದೆ. ಪಾಪಣ್ಣನ ಕೈಗೆ ಅದು ಎಷ್ಟು ರೂಢಿಯಾಯಿತೆಂದರೆ, ಮದುವೆ ಮನೆಯಲ್ಲಿ ಯಾರಿಗಾದರೂ ಮೂಗು ಕೆರೆದರೂ ಅವನ ಕೋಲು ಏಳುತ್ತಿತ್ತು. ಜನ ನಗುತ್ತಿದ್ದರು. ನನಗೇನೂ ನಗು ಬರುತ್ತಿರಲಿಲ್ಲ, ಅಂಚಿನ ಏಟು ಉರಿಯುತ್ತದೆ.

ಕೆಂಚಪ್ಪ ತೀರಿಕೊಂಡ ಮೇಲೆ ಮದುವೆ ಇಲ್ಲದ ತಿಂಗಳುಗಳಲ್ಲಿ ಪಾಪಣ್ಣ ನನ್ನನ್ನು ಸಿನಿಮಾ ಟೆಂಟಿಗೆ ಒಯ್ಯತೊಡಗಿದ. ಆಗಿನದು ಮೂಕಿ ಸಿನಿಮಾ. ಪರದೆಯ ಮೇಲೆ ಕುದುರೆ ಓಡಿದರೆ ಕೆಳಗೆ ನಾವು ಸದ್ದು ಮಾಡಬೇಕು. ಅಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವನೇ ಸಿಪ್ರಿಯನ್ ಲೋಬೊ. ಮಂಗಳೂರಿನವನು, ಅಲ್ಲಿನ ಇಗರ್ಜಿಯ, ಎಂದರೆ ಚರ್ಚಿನ, ಬ್ಯಾಂಡಿನಲ್ಲಿ ಕಲಿತವನು. ತಲೆಗೆ ಅರ್ಧ ಬಾಟಲಿ ಎಣ್ಣೆ, ಬೂಟಿನಲ್ಲಿ ಮುಖ ಕಾಣುವಷ್ಟು ಪಾಲಿಶ್. ಅವನ ಬೂಟು ನನಗೆ ಚೆನ್ನಾಗಿ ಗೊತ್ತು, ನಾನು ಇರುವುದೇ ಆ ಎತ್ತರದಲ್ಲಿ.

ಒಂದು ದಿನ ಕುದುರೆ ಓಟ ಮುಗಿದ ಮೇಲೆ ಲೋಬೊ ಪಾಪಣ್ಣನ ಹತ್ತಿರ ಬಂದ.

'ನಿನ್ನ ಕೈ ಒಳ್ಳೇದುಂಟು ಮಾರಾಯ. ನಾನೊಂದು ಡ್ಯಾನ್ಸ್ ಬ್ಯಾಂಡ್ ಮಾಡ್ತಾ ಇದ್ದೇನೆ. ಬರ್ತಿಯಾ?'

ಪಾಪಣ್ಣ ಒಪ್ಪಿಕೊಂಡ. ದಂಡಿನ ಹಾಲ್‌ಗಳಲ್ಲಿ ಗಂಡು ಹೆಣ್ಣು ಕೈ ಕೈ ಹಿಡಿದು ಕುಣಿಯುವ ಹೊಸ ಹುಚ್ಚು ಆಗ ಶುರುವಾಗಿತ್ತು. ಅದರ ಸಂಗೀತಕ್ಕೆ ಜಾಝ್ ಎಂದು ಹೆಸರು. ಲೋಬೊ ಸೇರಿ ಆರು ಜನರ ಬ್ಯಾಂಡಿಗೆ 'ಲೋಬೊಸ್ ಸಿಲ್ವರ್ ಸಿಕ್ಸ್' ಎಂಬ ಹೆಸರು ಬಿತ್ತು. ತುತ್ತೂರಿ, ಟ್ರಾಂಬೋನ್, ಪಿಯಾನೊ, ಬ್ಯಾಂಜೊ ನುಡಿಸುತ್ತಿದ್ದ ಆ ನಾಲ್ವರ ಹೆಸರು ನಾನು ಹೇಳುವುದಿಲ್ಲ. ಅವರೂ ಪಾಪಣ್ಣನ ಹೆಸರು ಕೇಳಿದವರಲ್ಲ, 'ಡ್ರಮ್' ಎಂದೇ ಕೂಗುತ್ತಿದ್ದರು. ಅವನನ್ನೋ ನನ್ನನ್ನೋ ಎಂದು ನಮಗಿಬ್ಬರಿಗೂ ತಿಳಿಯುತ್ತಿರಲಿಲ್ಲ. ಮದುವೆಯ ಏಟಿಗೆ ಸವೆದಿದ್ದ ನನ್ನ ಹಿಂದಿನ ಚರ್ಮವನ್ನು ಬದಲಿಸಿ, ಮುಂದಿನ ಮುಖದ ಮೇಲೆ ಬೆಳ್ಳಿ ಬಣ್ಣದಲ್ಲಿ ಬ್ಯಾಂಡಿನ ಹೆಸರು ಬರೆಸಿದರು. ನನಗೆ ಸ್ವಲ್ಪ ಜಂಬ ಬಂತು, ಸುಳ್ಳು ಹೇಳುವುದೇಕೆ.

ಆ ಜಂಬ ಇಳಿಸಲು ಪೆಡಲ್ ಬಂತು. ಡ್ಯಾನ್ಸ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮನ್ನು ನೆಲದ ಮೇಲೆ ನಿಲ್ಲಿಸಿ ಕಾಲಿನಿಂದ ಬಾರಿಸುತ್ತಾರೆ. ಕೈ ಉಳಿದ ಸಣ್ಣ ಡ್ರಮ್ಮುಗಳಿಗೆ. ಪಾಪಣ್ಣ ಮೊದಲ ದಿನ ಆ ಕಬ್ಬಿಣದ ಮೆಟ್ಟಿಲಿನ ಮೇಲೆ ಕಾಲಿಡದೆ ಬಹಳ ಹೊತ್ತು ನಿಂತ. ಆಮೇಲೆ ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, 'ತೆಪ್ಪಾಯ್ತು' ಎಂದ, ಒದ್ದ. ಆಮೇಲೆ ಪ್ರತಿಸಲವೂ ಹೀಗೆಯೇ: ಮೊದಲು ನಮಸ್ಕಾರ, ಆಮೇಲೆ ಒದೆತ. ನಾನು ನಮಸ್ಕಾರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸುದ್ದಿ ಬಳೇಪೇಟೆಗೆ ಮುಟ್ಟಿತು. ಬೀರಣ್ಣ ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೇಳಿದ:

'ಅಪ್ಪನ ವಾದ್ಯಾನ ಕಾಲಲ್ಲಿ ಒದೀತೀಯಂತೆ, ದಿಟವೇನ್ಲಾ?'

'ಅಲ್ಲಿ ಅಂಗೇ ಬಾರ್ಸೋದು ಕಣಣ್ಣ.'

'ಕುಡ್ದು ಕುಣಿಯೋರ ಮುಂದೆ ಒದ್ದು ಬಾರ್ಸೋಕೆ ಅಪ್ಪ ಕಲಿಸ್ಲಿಲ್ಲ. ನಿನ್ ಬಾರ್ಸಾಟ ಯಾವನ್ ಕೇಳ್ತಾನ್ಲಾ ಅಲ್ಲಿ? ನಮ್ಮ ಪ್ಯಾಟೆ ಜನ ಒಂದಿನ ನಿನ್ ಏಟು ಕೇಳಿ ಇದು ಪಾಪಣ್ಣಂದು ಅನ್ಲಿ, ಆವತ್ತು ನಿನ್ನ ತಮ್ಮ ಅಂತೀನಿ. ಅಲ್ಲೀಗಂಟ ಈ ಬಾಗ್ಲು ಹತ್ಬ್ಯಾಡ.'

ಪಾಪಣ್ಣ ಹೆಂಡತಿ ಸಾಕಮ್ಮನನ್ನೂ ನನ್ನನ್ನೂ ಕರೆದುಕೊಂಡು ಅದೇ ಬೀದಿಯ ತುದಿಯಲ್ಲಿ ಬೇರೆ ಮನೆ ಮಾಡಿದ. ಅಣ್ಣನ ಆ ಮಾತು ಅವನೊಳಗೆ ಮುರಿದ ಮುಳ್ಳಾಗಿ ಕೂತಿತು. ಹಾಲ್‌ನಲ್ಲಿ ನೂರು ಜೋಡಿ ಕುಣಿದರೂ ಅವನಿಗೆ ಬೇಕಾಗಿದ್ದು ಬಳೇಪೇಟೆಯ ಆ ಎರಡು ಕಿವಿ. ನನಗಿದು ಅವನ ಕಾಲಿನಿಂದಲೇ ಗೊತ್ತಾಗುತ್ತಿತ್ತು.

ಆಗ ರೇಡಿಯೋ ಬಂತು.

ಟೆಲಿಗ್ರಾಫ್ ಇಲಾಖೆಯಿಂದ ನಿವೃತ್ತರಾದ ಗುಂಡೂರಾಯರು ದಂಡಿನ ಒಂದು ಬಂಗಲೆಯಲ್ಲಿ ರೇಡಿಯೋ ಸಂಘ ಮಾಡಿದ್ದರು. ಯಂತ್ರವನ್ನು ತಾವೇ ಕೂತು ಜೋಡಿಸಿದ್ದರು. ಬೆಂಗಳೂರಿನ ಆಚೆಗೆ ಅದರ ದನಿ ಹೋಗುತ್ತಿರಲಿಲ್ಲ, ಊರೊಳಗಂತೂ ಕೇಳುತ್ತಿತ್ತು. ಶನಿವಾರ ಸಂಜೆ ಆರರಿಂದ ಏಳು ಗಂಟೆ ಸಿಲ್ವರ್ ಸಿಕ್ಸ್‌ಗೆ ಕೊಟ್ಟರು. ಬಳೇಪೇಟೆಯ ಕಾಫಿ ಹೋಟೆಲಿನಲ್ಲೂ ಒಂದು ರೇಡಿಯೋ ಪೆಟ್ಟಿಗೆ ತಂದಿಟ್ಟಿದ್ದರು. ಪಾಪಣ್ಣ ಆ ವಾರವೆಲ್ಲ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ, 'ಶನಿವಾರ ಸಾಯಂಕಾಲ ಓಟ್ಲತ್ರ ಹೋಗಿ, ನಾನು ಬಾರಿಸ್ತೀನಿ, ಇಲ್ಲಿ ಕೇಳ್ತದೆ.' ಅಣ್ಣನ ಮನೆಯ ಮುಂದೆ ನಿಂತು ಇನ್ನೂ ಜೋರಾಗಿ ಹೇಳಿದ.

ಶನಿವಾರ ನಾವು ಹೋದೆವು. ಗೋಡೆಗಳಿಗೆಲ್ಲ ಕಂಬಳಿ, ಗೋಣಿಚೀಲ ನೇತು ಹಾಕಿ ಹಾಲನ್ನು ಉಸಿರುಗಟ್ಟಿಸಿದ್ದರು. ನಡುವೆ ಒಂದು ಕಂಬಿಯ ತುದಿಗೆ ಕಬ್ಬಿಣದ ಬಳೆ, ಬಳೆಯೊಳಗೆ ನಾಲ್ಕು ಸ್ಪ್ರಿಂಗುಗಳಿಗೆ ನೇತುಬಿದ್ದ ಅಂಗೈಯಗಲದ ಬಿಲ್ಲೆ. ಅದೇ ಮೈಕು. ನೋಡಿದ ಕೂಡಲೇ ನನಗೆ ಅದನ್ನು ಕಂಡರಾಗಲಿಲ್ಲ. ಮುನ್ನೂರು ಜನ ತುಂಬಿದ ಹಾಲನ್ನು ಅಲ್ಲಾಡಿಸಿದವನು ನಾನು. ಈಗ ಆ ಬಿಲ್ಲೆಗೆ ಬೇಸರವಾಗದ ಹಾಗೆ ನಾವೆಲ್ಲ ನಡೆದುಕೊಳ್ಳಬೇಕಂತೆ.

ಮೊದಲ ಹಾಡು, ನನ್ನ ಮೊದಲ ಏಟು. ಗುಂಡೂರಾಯರು ಎರಡೂ ಕೈ ಎತ್ತಿಕೊಂಡು ಒಳಗಿನ ಕೋಣೆಯಿಂದ ಓಡಿ ಬಂದರು. ಮೈಕಿನೊಳಗೆ ಇದ್ದಿಲಿನ ಸಣ್ಣ ಕಾಳುಗಳಿರುತ್ತವೆ, ದೊಡ್ಡ ಸದ್ದು ಬಿದ್ದರೆ ಕಾಳೆಲ್ಲ ಒತ್ತಿಕೊಂಡು ಗಟ್ಟಿಯಾಗಿ ಮೈಕು ಕಿವುಡಾಗುತ್ತದೆ. ಅವರು ಪೆನ್ಸಿಲಿನಿಂದ ಅದನ್ನು ಮೆಲ್ಲಗೆ ತಟ್ಟಿ ಸರಿಮಾಡಿದರು. ಆಮೇಲೆ ಪಾಪಣ್ಣನಿಗೆ ಕೈಮುಗಿದರು.

'ನಿನ್ನ ದಮ್ಮಯ್ಯ ಕಣಪ್ಪ, ಇದನ್ನ ಸ್ವಲ್ಪ ದೂರ ಇಟ್ಕೊ. ಇನ್ನೊಂದು ಏಟು ಬಿದ್ರೆ ನನ್ನ ಯಂತ್ರ ಸತ್ತು ಹೋಗತ್ತೆ.'

ನನ್ನನ್ನು ಹತ್ತು ಅಡಿ ಹಿಂದೆ ಸರಿಸಿದರು. ಮುಂದಿನ ಶನಿವಾರ ನನ್ನ ಹೊಟ್ಟೆಯೊಳಗೆ ಕಂಬಳಿ ತುರುಕಿದರು. ಅದರ ಮುಂದಿನ ವಾರ ಪಡಸಾಲೆಗೆ ಹಾಕಿದರು. ಬಾಗಿಲು ಮೊದಮೊದಲು ಪೂರ್ತಿ ತೆರೆದಿರುತ್ತಿತ್ತು, ಆಮೇಲೆ ಅರ್ಧ, ಆಮೇಲೆ ಬೆರಳು ತೂರುವಷ್ಟು ಸಂದಿ. ಆ ಸಂದಿಯಿಂದ ಲೋಬೊನ ಬೂಟು ನೋಡುತ್ತ ಪಾಪಣ್ಣ ಕಾಲು ಕುಟ್ಟುತ್ತಿದ್ದ. ಕಂಬಳಿ ತಿಂದ ನನ್ನ ಬಾಯಿಂದ 'ಉಪ್, ಉಪ್' ಎಂದು ಬರುತ್ತಿತ್ತು. ಅದನ್ನು ಸದ್ದು ಎಂದು ನಾನು ಒಪ್ಪುವುದಿಲ್ಲ.

ಇಷ್ಟು ಸಾಲದೆಂದು ಲೋಬೊ ಒಂದು ದಿನ ನನ್ನ ಮುಂದಿನ ಚರ್ಮವನ್ನು ಬಳೆಸಮೇತ ಬಿಚ್ಚಿಸಿದ. ಫೋಟೊ ತೆಗೆಯಲು ಪತ್ರಿಕೆಯವರು ಬರುತ್ತಿದ್ದರು, ಬ್ಯಾಂಡಿನ ಹೆಸರು ಹಾಲ್‌ನೊಳಗೆ ಕಾಣಬೇಕು, ಡ್ರಮ್ಮು ಕಾಣಬಾರದು. ನನ್ನ ಮುಖವನ್ನು ಮೈಕಿನ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಮುಖ ಒಳಗೆ, ಮೈ ಹೊರಗೆ. ಅದರ ಕೆಳಗೆ ಐದು ಜನ ಹಲ್ಲುಕಿರಿದು ನಿಂತು ಫೋಟೊ ತೆಗೆಸಿಕೊಂಡರು. ಹೆಸರು ಮಾತ್ರ ಸಿಕ್ಸ್.

ಪಾಪಣ್ಣ ಹೇಳಿದ, 'ನಮ್ಮ ಡ್ರಮ್ಮಿನ ಚರ್ಮ ಕಣ್ ದೊರೆ ಅದು.'

'ಚರ್ಮ ನಿಂದು ಇರ್ಬಹುದು. ಹೆಸರು ನಂದು,' ಎಂದ ಲೋಬೊ.

ಬಳೇಪೇಟೆಯಲ್ಲಿ ಆಗುತ್ತಿದ್ದುದು ಇದಕ್ಕಿಂತ ಕೆಟ್ಟದ್ದು. ಪ್ರತಿ ಶನಿವಾರ ಬೀರಣ್ಣ ಕಾಫಿ ಹೋಟೆಲಿಗೆ ಹೋಗಿ ರೇಡಿಯೋದ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದ. ಪೂರ್ತಿ ಒಂದು ಗಂಟೆ ಕೂರುತ್ತಿದ್ದ. ಮಾರನೆಯ ಬೆಳಿಗ್ಗೆ ತಮ್ಮನ ಮನೆಯ ಮುಂದೆ ಹಾದುಹೋಗುತ್ತ, ನಿಲ್ಲದೆ, ಗಾಳಿಗೆ ಹೇಳಿದಂತೆ ಹೇಳುತ್ತಿದ್ದ, 'ನಿನ್ನೇನೂ ಕೇಳಿಸ್ಲಿಲ್ಲ.' ಬೀದಿಯವರು ಪಾಪಣ್ಣನಿಗೆ 'ರೇಡಿಯೋ ಪಾಪಣ್ಣ' ಎಂದು ಹೆಸರಿಟ್ಟರು. ಬುರುಡೆ ಬಿಡುವವರನ್ನು ಕಂಡರೆ 'ಏನಪ್ಪ, ನಿಂದೂ ರೇಡಿಯೋನಾ' ಎಂದು ಕೇಳುವುದು ಅಲ್ಲಿ ರೂಢಿಯಾಯಿತು. ಸಾಕಮ್ಮ ನಲ್ಲಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಪಾಪಣ್ಣನಿಗೆ ಬೇಕಾಗಿದ್ದುದು ಒಂದೇ ಏಟು. ತನ್ನದೆಂದು ಗುರುತಾಗುವ ಒಂದೇ ಒಂದು ಏಟು ಆ ಪೆಟ್ಟಿಗೆಯಿಂದ ಹೊರಬರಬೇಕು.

ಹೀಗೆ ಒಂದೂವರೆ ವರ್ಷ. ಅಷ್ಟರಲ್ಲಿ ಬೊಂಬಾಯಿಯ ದೊಡ್ಡ ಡ್ಯಾನ್ಸ್ ಹಾಲಿನ ಏಜೆಂಟನೊಬ್ಬ ಬೆಂಗಳೂರಿಗೆ ಬಂದ. ಅವನಿಗೆ ಡ್ರಮ್ಮು ಬೇಡ, ಆಳೆತ್ತರದ ಪಿಟೀಲಿನಂಥ ತಂತಿಯ ದೊಡ್ಡ ಬೇಸ್ ಬೇಕು. ರೇಡಿಯೋಕ್ಕೆ ಅದೇ ಹಿತವಂತೆ. ಲೋಬೊ ಕೂಡಲೇ ಒಬ್ಬ ಬೇಸ್‌ನವನನ್ನು ಕರೆಸಿದ. ಬರುವ ಶನಿವಾರ ಏಜೆಂಟ್ ತನ್ನ ಹೋಟೆಲ್ ಕೋಣೆಯಲ್ಲಿ ರೇಡಿಯೋ ಮುಂದೆ ಕೂತು ಕೇಳುತ್ತಾನೆ, ಮೆಚ್ಚಿದರೆ ಅಂದೇ ರುಜು.

'ಶನಿವಾರ ಬಾರಿಸ್ಲಿಕ್ಕೆ ಇಲ್ಲ,' ಎಂದ ಲೋಬೊ ಪಾಪಣ್ಣನಿಗೆ. 'ಬಂದು ಡ್ರಮ್ಮು ತಕೊಂಡು ಹೋಗು. ಮತ್ತೆ ಬರುದು ಬೇಡ.'

'ಆ ಚರ್ಮ?'

'ಎಂತ ಚರ್ಮ ಚರ್ಮ ಅಂತ ಕೂತಿದ್ದಿ. ಅದು ಬೊಂಬಾಯಿಗೆ ಬರ್ತದೆ.'

ಏಳು ವರ್ಷ ಒಟ್ಟಿಗೆ ಬಾರಿಸಿದವನಿಗೆ ಇಷ್ಟೇ. ನನಗೆ ಲೋಬೊನ ಮೇಲಿದ್ದ ಸಿಟ್ಟು ಅವತ್ತು ಪೂರ್ತಿ ಹಣ್ಣಾಯಿತು. ನಾನೇನಾದರೂ ಉರುಳಬಲ್ಲವನಾಗಿದ್ದರೆ ಅವನ ಬೂಟಿನ ಮೇಲೆ ಉರುಳುತ್ತಿದ್ದೆ.

ಆ ಶನಿವಾರ ಬಂತು. ಬೇಸಿಗೆಯ ಸಂಜೆ, ಹಾಲ್‌ನೊಳಗೆ ಸೆಖೆ ತಡೆಯಲಾರದೆ ಬಾಗಿಲು ಪೂರ್ತಿ ತೆರೆದಿದ್ದರು. ಡ್ರಮ್ಮೇ ಇಲ್ಲವಲ್ಲ, ಇನ್ನು ಭಯವೇನು. ಗುಂಡೂರಾಯರು ಒಂದು ಫ್ಯಾನನ್ನೂ ತಂದು ಮೂಲೆಯಲ್ಲಿಟ್ಟಿದ್ದರು. ಪಾಪಣ್ಣ ಪಡಸಾಲೆಯಲ್ಲಿ ಕೂತು ಪೆಡಲ್ ಬಿಚ್ಚಿದ. ಹೊಟ್ಟೆಯೊಳಗಿನ ಕಂಬಳಿಯನ್ನು ಎಳೆದು ಎಸೆದ. ಒಂದೂವರೆ ವರ್ಷದ ಮೇಲೆ ನನಗೆ ಉಸಿರು ಬಂತು. ಹಗ್ಗ ಬಿಗಿದು ಹೆಗಲಿಗೆ ಹಾಕಿಕೊಂಡ, ಅಪ್ಪನ ಕಾಲದ ಮದುವೆ ಕೋಲನ್ನು ಕೈಗೆ ತೆಗೆದುಕೊಂಡ. ಹೊರಡುವುದೊಂದೇ ಬಾಕಿ. ಆದರೂ ಬಾಗಿಲಲ್ಲಿ ನಿಂತು ಗೋಡೆಯ ಮೇಲಿನ ನನ್ನ ಮುಖವನ್ನು ನೋಡಿದ.

ಒಳಗೆ ಎರಡು ಹಾಡು ಮುಗಿದಿತ್ತು. ಲೋಬೊ ಮೈಕಿನ ಮುಂದೆ ಬಂದು ನಿಂತ. ಅವನಿಗೆ ಅವಸರ. ರುಜುವಾಗುವ ಮೊದಲೇ ಊರಿಗೆಲ್ಲ ಹೇಳಿಬಿಡಬೇಕು. ಇಂಗ್ಲಿಷಿನಲ್ಲಿ ಶುರುಮಾಡಿದ. ಸಿಲ್ವರ್ ಸಿಕ್ಸ್ ಬೊಂಬಾಯಿಗೆ ಹೊರಟಿದೆ, ಈ ಗಳಿಗೆಯಿಂದ ನಮ್ಮ ಹೊಸ ಬಾಳು ಶುರುವಾಗುತ್ತದೆ, ನಿಮ್ಮೆಲ್ಲರ ಹಾರೈಕೆ ಇರಲಿ. ದಂಡಿನಲ್ಲಿ ಏಳು ವರ್ಷ ಇದ್ದ ಪಾಪಣ್ಣನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು.

ಅದೇ ಹೊತ್ತಿಗೆ ಗುಂಡೂರಾಯರು ತಮ್ಮ ನಶ್ಯದ ಡಬ್ಬಿ ತೆಗೆದರು. ಚಿಟಿಕೆ ಎತ್ತಿದರೋ ಇಲ್ಲವೋ, ಫ್ಯಾನಿನ ಗಾಳಿಗೆ ಅದು ಹಾರಿ ಹೊಸ ಬೇಸ್‌ನವನ ಮೂಗಿಗೆ ಹೋಯಿತು. ಅವನು ಸೀನಿದ.

ಕೋಲು ಬಿತ್ತು. ಒಂದಲ್ಲ, ಕೆಂಚಪ್ಪನ ಮನೆಯ ಪೂರ್ತಿ ಗಟ್ಟಿಮೇಳ, ಒಂದರ ಬೆನ್ನಿಗೊಂದು, ಹಾಲ್ ಒಡೆಯುವ ಹಾಗೆ. ಒಂದೇ ಮುಖ ಉಳಿದಿದ್ದ ನಾನು ಬಾಯಿ ತೆರೆದು ಕೂಗಿದೆ. ಗೋಡೆಯ ಮೇಲಿದ್ದ ನನ್ನ ಮುಖವೂ ಗುಂಯ್‌ಗುಟ್ಟಿತು. ನನ್ನ ಆಯುಷ್ಯದಲ್ಲಿ ನನಗೆ ಪೂರ್ತಿ ಸಂತೋಷವಾದದ್ದು ಅದೊಂದೇ ಸಲ.

ಪಾಪಣ್ಣ ನಿಲ್ಲಿಸಿದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ತನ್ನ ಕೈಯನ್ನು ನೋಡುತ್ತಿದ್ದ. ಗುಂಡೂರಾಯರು ಮೈಕನ್ನು ಪೆನ್ಸಿಲಿನಿಂದ ತಟ್ಟಿದರು, ಬೆರಳಿನಿಂದ ತಟ್ಟಿದರು, ಕೊನೆಗೆ ಬಿಚ್ಚಿ ಅಲ್ಲಾಡಿಸಿದರು. ಆ ಸಂಜೆ ಅದು ಮತ್ತೆ ಕೇಳಲಿಲ್ಲ. ಏಜೆಂಟ್ ತನ್ನ ಕೋಣೆಯಲ್ಲಿ ಭಾಷಣ ಕೇಳಿದ, ಡಬಡಬ ಕೇಳಿದ, ಆಮೇಲೆ ಅರ್ಧ ಗಂಟೆ ಏನೂ ಕೇಳದೆ ಕೂತ. ಇಂಥ ಬ್ಯಾಂಡು ತನಗೆ ಬೇಡವೆಂದು ಚೀಟಿ ಬರೆದು ಕಳುಹಿಸಿ ರೈಲು ಹತ್ತಿದ.

'ನಿನ್ನ ನಾನು ಬಿಡುದಿಲ್ಲ,' ಎಂದ ಲೋಬೊ. 'ಬೇಕಂತಲೇ ಹೊಡೆದದ್ದು ನೀನು. ನನ್ನ ಮುಳುಗಿಸ್ಲಿಕ್ಕೇ ಹೊಡೆದದ್ದು.'

ಪಾಪಣ್ಣ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನನ್ನನ್ನು ಹೊತ್ತುಕೊಂಡು ನಡೆದೇ ಪೇಟೆಗೆ ಬಂದ.

ಬೀದಿಯಲ್ಲಿ ಆದದ್ದನ್ನು ಸಾಕಮ್ಮ ಬಾಗಿಲಲ್ಲೇ ಹೇಳಿದಳು. ಹೋಟೆಲಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತ ಕೂತಿದ್ದಾಗ ರೇಡಿಯೋದಿಂದ ಗಟ್ಟಿಮೇಳ ಬಂದು, ಒಬ್ಬ ಮುದುಕ ರೂಢಿಯ ಮೇಲೆ ಎದ್ದುನಿಂತು ಕೈಯಲ್ಲಿದ್ದ ಕಡಲೆಪುರಿಯನ್ನು ಅಕ್ಷತೆಯಂತೆ ಎರಚಿದನಂತೆ. 'ಪಾಪಣ್ಣಂದು ಕಣ್ರೋ' ಎಂದು ಮೊದಲು ಕೂಗಿದವನು ಬೀರಣ್ಣನಂತೆ. ಕೂಗಿದ ಮೇಲೆ ಯಾರ ಮುಖವನ್ನೂ ನೋಡದೆ ಎದ್ದು ಹೋದನಂತೆ.

ಮಾರನೆಯ ಬೆಳಿಗ್ಗೆ ಬೀರಣ್ಣ ಬಂದ. ಈ ಸಲ ನಿಂತ.

'ಕೇಳಿಸ್ತು,' ಎಂದ. 'ಮೂರನೇ ಏಟು ತಡ ಆಯ್ತು.'

'ಹೂಂ ಕಣಣ್ಣ.'

'ಅಪ್ಪ ಇದ್ದಿದ್ರೆ ಕೋಲ್ ತಕ್ಕೊಂಡು ಹೊಡೀತಿದ್ದ. ನಾಡಿದ್ದು ಕಾಟನ್‌ಪ್ಯಾಟೇಲಿ ಮದ್ವೆ ಐತೆ, ಬಾ.'

ಅಣ್ಣ ತಮ್ಮಂದಿರು ಮತ್ತೆ ಕೂಡಿ ಬಾರಿಸಿದರು. ಬಾರಿಸಿದ ಅಷ್ಟೂ ವರ್ಷ ಜಗಳವಾಡಿದರು. ನನ್ನ ಖಾಲಿ ಬದಿಗೆ ಪಾಪಣ್ಣ ಹೊಸ ಚರ್ಮ ಹಾಕಿಸಿದ, ಮುಂದೆ ಆ ಬದಿಗೇ ಬಾರಿಸಿದ. ಹಳೆಯ ಬದಿಗೆ ಮತ್ತೆ ಕೋಲು ಮುಟ್ಟಿಸಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಸಿಲ್ವರ್ ಸಿಕ್ಸ್ ಆರು ತಿಂಗಳಲ್ಲಿ ಚೆಲ್ಲಾಪಿಲ್ಲಿಯಾಯಿತು. ಗುಂಡೂರಾಯರ ಸಂಘವೂ ಮುಚ್ಚಿತು. ಲೋಬೊ ಊರೂರು ತಿರುಗಿ, ಕೊನೆಗೆ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತ ದಂಡಿನಲ್ಲೇ ಉಳಿದನೆಂದು ಕೇಳಿದೆ. ಕೇಳಿ ನನಗೇನೂ ದುಃಖವಾಗಲಿಲ್ಲ.

ಮೂವತ್ತೊಂದು ವರ್ಷ ಕಳೆದವು. ಬೀರಣ್ಣ ಹೋದ. ಪಾಪಣ್ಣನ ಹೆಗಲು ಬಾಗಿ, ನಾನು ಗೂಟಕ್ಕೆ ತೂಗುಬಿದ್ದೆ. ಒಂದು ಬೆಳಿಗ್ಗೆ ಬಾಗಿಲಲ್ಲಿ ಒಂದು ಜೊತೆ ಬೂಟು ಕಂಡಿತು. ಬೂಟು ಹಳೆಯದು, ಪಾಲಿಶ್ ಅದೇ. ಲೋಬೊ ಕಂಕುಳಲ್ಲಿ ಬಟ್ಟೆ ಸುತ್ತಿದ ದುಂಡನೆಯ ವಸ್ತುವೊಂದನ್ನು ಹಿಡಿದು ಒಳಗೆ ಬಂದು ಚಾಪೆಯ ಮೇಲೆ ಕಷ್ಟಪಟ್ಟು ಕೂತ. ಬಟ್ಟೆಯ ಸಂದಿಯಿಂದ ಬೆಳ್ಳಿ ಬಣ್ಣ ಇಣುಕಿತು. ನನ್ನ ಮುಖ.

ಸಾಕಮ್ಮ ಕಾಫಿ ತಂದಿಟ್ಟಳು. ಲೋಬೊ ಮುಟ್ಟಲಿಲ್ಲ.

'ಒಂದು ಕೇಳ್ಲಿಕ್ಕೆ ಬಂದದ್ದು,' ಎಂದ. 'ಮೊನ್ನೆ ನನ್ನ ಶಿಷ್ಯಳೊಬ್ಬಳ ಮದುವೆಗೆ ಹೋಗಿದ್ದೆ, ನಿಮ್ಮವರದ್ದೇ. ತಾಳಿ ಕಟ್ಟುವಾಗ ಯಾರೋ ಸೀನಿದ್ರು. ಕೂಡಲೇ ಡೋಲು ಬಡಿದ್ರು. ಯಾಕೆ ಅಂತ ಕೇಳಿದೆ, ಹೇಳಿದ್ರು. ಆವತ್ತಿನಿಂದ ನಂಗೆ ನಿದ್ರೆ ಇಲ್ಲ ಮಾರಾಯ.' ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ. 'ನೀನು ನನ್ನ ಮುಳುಗಿಸಿದಿ ಅಂತ ಮೂವತ್ತೊಂದು ವರ್ಷ ಎಲ್ಲರತ್ರ ಹೇಳಿದ್ದೇನೆ. ಸತ್ಯ ಹೇಳು ಪಾಪಣ್ಣ. ಅವತ್ತು ಬೇಕಂತ ಹೊಡೆದದ್ದಾ, ಅಥವಾ ನನಗೆ ಒಳ್ಳೇದಾಗ್ಲಿ ಅಂತ ಹೊಡೆದದ್ದಾ? ಒಳ್ಳೇದಕ್ಕೆ ಹೊಡೆದದ್ದಾದ್ರೆ ಇದನ್ನು ನಿಂಗೆ ಕೊಟ್ಟು ಹೋಗ್ತೇನೆ.'

ನಾನು ಗೂಟದ ಮೇಲೆ ಬಿಗಿಯಾದೆ. ಒಂದು ಮಾತು ಹೇಳಿದರೆ ನನ್ನ ಮುಖ ನನಗೆ ಸಿಗುತ್ತಿತ್ತು.

ಪಾಪಣ್ಣ ಎದುರಿಗಿದ್ದವನನ್ನು ಬಹಳ ಹೊತ್ತು ನೋಡಿದ. ಎಣ್ಣೆ ಹಾಕಿ ಬಾಚಿದ ನಾಲ್ಕು ಬಿಳಿ ಕೂದಲು.

'ಬೇಕಂತಲೇ ಹೊಡ್ದೆ ದೊರೆ,' ಎಂದ.

ಲೋಬೊನ ಬೆನ್ನು ನೆಟ್ಟಗಾಯಿತು. ಮುಖಕ್ಕೆ ಹಳೆಯ ಕಳೆ ಬಂತು. 'ನಂಗೆ ಗೊತ್ತಿತ್ತು,' ಎಂದ. 'ನೀನು ಅಂಥವನೇ.' ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನನ್ನ ಮುಖವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು, ಬಂದದ್ದಕ್ಕಿಂತ ಚುರುಕಾಗಿ ನಡೆದು ಹೋದ.

ಸಾಕಮ್ಮ ಲೋಟ ಎತ್ತಿಕೊಳ್ಳುತ್ತ ಕೇಳಿದಳು, 'ಯಾಕಂಗಂದ್ರಿ? ಸೀನು ಬಿತ್ತು, ಕೈ ಎದ್ದೋಯ್ತು ಅಂತ ನನ್ ಮುಂದೆ ಸಾವ್ರ ಸಲ ಹೇಳೀರಿ.'

'ಅಷ್ಟು ವರ್ಸ ನನ್ನ ಬೈಕೊಂಡು ಬದುಕವ್ನೆ ಕಣೆ. ಈಗ ಅದನ್ನೂ ಕಿತ್ಕೊಂಡು ಕಳಿಸ್ಲಾ?' ಎಂದ ಪಾಪಣ್ಣ. ಆಮೇಲೆ ಸ್ವಲ್ಪ ನಕ್ಕ. 'ಅಲ್ದೆ, ಅವ್ನಿಗೆ ಒಳ್ಳೇದಾಗ್ಲಿ ಅಂತ ಹೊಡ್ದೆ ಅಂತ ಅವನ ಎದುರಿಗೆ ಎಂಗೆ ಹೇಳದು. ಸತ್ರೂ ಹೇಳಾಕಿಲ್ಲ.'

ಹೇಳಲೂ ಇಲ್ಲ. ಇಬ್ಬರೂ ಈಗಿಲ್ಲ. ನಾನು ಬಳೇಪೇಟೆಯ ವಾದ್ಯದಂಗಡಿಯೊಂದರ ಅಟ್ಟದ ಮೇಲೆ ಇದ್ದೇನೆ. ಕೆಳಗೆ ಪ್ಲಾಸ್ಟಿಕ್ ಮುಖದ ಡ್ರಮ್ಮುಗಳು ಸಾಲಾಗಿ ಹೊಳೆಯುತ್ತಿವೆ. ಅವುಗಳ ಎದುರಿಗೇ ಮೈಕುಗಳನ್ನೂ ಮಾರುತ್ತಾರೆ, ಈಗಿನವು ಎಂಥ ಏಟಿಗೂ ಹೆದರುವುದಿಲ್ಲವಂತೆ. ನನಗೆ ಈಗಲೂ ಅವುಗಳನ್ನು ಕಂಡರಾಗುವುದಿಲ್ಲ.

ಪಾಪಣ್ಣನನ್ನೂ ನಾನು ಕ್ಷಮಿಸಿಲ್ಲ. ನನ್ನ ಮುಖವನ್ನು ಬಿಟ್ಟುಕೊಟ್ಟದ್ದಕ್ಕೆ ಮಾತ್ರವಲ್ಲ. ಆ ಸಂಜೆ ನನಗೆ ಬೇಕಾಗಿದ್ದದ್ದು ಸೇಡು. ಲೋಬೊ ಅಂದುಕೊಂಡದ್ದೇ ನಿಜವಾಗಲಿ ಎಂದು ನಾನು ಎಷ್ಟು ಆಸೆಪಟ್ಟೆನೆಂದು ಯಾರಿಗೂ ಗೊತ್ತಿಲ್ಲ. ಆದರೆ ಏಟು ತಿಂದವನು ನಾನು. ಸಿಟ್ಟಿನಲ್ಲಿ ಹೊಡೆಯುವವನ ಕೋಲು ನಡುವಿಗೆ ಬೀಳುತ್ತದೆ. ಅನುಮಾನವಿದ್ದರೆ ನನ್ನನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹಳೆಯ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಆ ದಿನದ ಕಲೆ ಇನ್ನೂ ಇದೆ, ಅಂಚಿನಿಂದ ನಾಲ್ಕು ಬೆರಳು ಒಳಗೆ.